ಹಿಡಿ ಕೆಸರಿಗಾಗಿ ಕಪ್ಪು ದ್ವೀಪಕ್ಕೆ

ನ್ಯಾಮತಿ

ನ್ಯಾಮತಿಯಲ್ಲಿ ನಮ್ಮ ಮನೆಯನ್ನು ಜನ ‘ಜೋಡಿ ಡಾಕ್ಟ್ರ ಮನೆ’ ಎನ್ನುತ್ತಾರೆ. ಕೇಳಿದವರಿಗೆ ದೊಡ್ಡ ನರ್ಸಿಂಗ್ ಹೋಮ್ ಇರಬೇಕು ಅನ್ನಿಸುತ್ತದೆ. ನಾನು ದನದ ಡಾಕ್ಟರು. ಜಗಳೂರು, ಚನ್ನಗಿರಿ, ಹೊನ್ನಾಳಿ ಎಂದು ತಾಲ್ಲೂಕು ತಾಲ್ಲೂಕು ಸುತ್ತಿ ಇಲ್ಲಿ ನಿವೃತ್ತನಾದವನು. ನನ್ನ ಹೆಂಡತಿ ಗಿರಿಜೆ ನೆಲದ ಡಾಕ್ಟರು. ಅದೂ ಈ ಭೂಮಿಯ ನೆಲವಲ್ಲ, ಮಂಗಳ ಗ್ರಹದ್ದು. ಆಕಾಶದಲ್ಲಿ ಸುತ್ತುವ ನೌಕೆಗಳು ಮೇಲಿನಿಂದ ತೆಗೆದ ಚಿತ್ರ ನೋಡಿ, ಇದು ಉಲ್ಕೆ ಬಿದ್ದ ಗುಂಡಿ, ಇದು ಗಾಳಿ ತೀಡಿದ ಮರಳು, ಇದು ಬೆಂಕಿ ಬೆಟ್ಟ ಕಕ್ಕಿದ ಲಾವಾ ಎಂದು ನಕ್ಷೆ ಬರೆಯುವುದು ಅವಳ ಕಸುಬು. ಮನೆಯಲ್ಲಿ ಇಬ್ಬರು ಡಾಕ್ಟರಿದ್ದೂ ಪಕ್ಕದ ಮನೆಯವರಿಗೆ ನೆಗಡಿಯಾದರೆ ಶಿವಮೊಗ್ಗದ ಬಸ್ಸನ್ನೇ ಹತ್ತಬೇಕು.

ನಾವು ಪರದೇಶಕ್ಕೆ ಹೊರಟಿದ್ದೇವೆ ಎಂದು ತಿಳಿದು ಆ ಪಕ್ಕದ ಮನೆಯ ರುದ್ರಮ್ಮ ಬೇಲಿಯ ಬಳಿ ನನ್ನನ್ನು ಹಿಡಿದರು.

“ಅಲ್ಲ ಡಾಕ್ಟ್ರೇ, ಅಮ್ಮೋರು ಆ ಮಂಗಳಕ್ಕೆ ಒಂದ್ಸಲನಾದ್ರೂ ಹೋಗಿ ಬಂದಾರೇನ್ರಿ?”

“ಇಲ್ಲ.”

“ಮತ್ತೆ ಅಲ್ಲಿ ಏನೈತೆ ಅಂತ ಹೆಂಗೆ ಗೊತ್ತಾಗ್ತೈತೆ?”

“ಫೋಟೋ ನೋಡಿ ಹೇಳ್ತಾಳೆ.”

“ಫೋಟೋ ನೋಡಿ ಹೆಣ್ಣು ಒಪ್ಪಿದ ಹಂಗಾತು ಬಿಡ್ರಿ,” ಎಂದು ಅವರು ಒಳಗೆ ಹೋದರು.

ನಮ್ಮ ಸಂಸಾರವೂ ಹೆಚ್ಚುಕಡಿಮೆ ಫೋಟೋದ ಸಂಸಾರವೇ. ಗಿರಿಜೆ ಜಗಳೂರಿನ ಹುಡುಗಿ. ನಾನು ಅಲ್ಲಿನ ಪಶು ಆಸ್ಪತ್ರೆಯಲ್ಲಿದ್ದಾಗ ಮದುವೆಯಾಯಿತು. ಆಮೇಲೆ ಅವಳು ದೂರದ ರಾಜ್ಯದ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋದಳು. ಅಲ್ಲಿ ಅವಳು ಮಂಗಳನ ಗುಂಡಿ ಎಣಿಸುತ್ತಿದ್ದಳು, ಇಲ್ಲಿ ನಾನು ಎಮ್ಮೆಗಳ ಕೆಚ್ಚಲು ಬಾವಿಗೆ ಸೂಜಿ ಚುಚ್ಚುತ್ತಿದ್ದೆ. ರಜೆಯಲ್ಲಿ ಗಂಡ-ಹೆಂಡತಿ ಆಗುತ್ತಿದ್ದೆವು. ಅವಳು ನಿವೃತ್ತಳಾದ ಮೇಲೇ ಇಬ್ಬರೂ ಒಂದು ಸೂರಿನ ಕೆಳಗೆ ಬಂದದ್ದು.

ಈ ಪ್ರಯಾಣದ ಮೂಲ ಒಂದು ಜಗಳ. ಮಂಗಳನ ಒಂದು ಬಯಲಿನಲ್ಲಿ ಹಾವು ಹರಿದಂತೆ ಉದ್ದನೆಯ ಕಾಲುವೆಯೊಂದಿದೆಯಂತೆ. ಲೋಕವೆಲ್ಲ ಅದನ್ನು ಬತ್ತಿದ ನದಿ ಎಂದಿತು. ಗಿರಿಜೆ ಒಬ್ಬಳು, ಅದನ್ನು ಕೊರೆದದ್ದು ನೀರಲ್ಲ, ಕುದಿಯುವ ಲಾವಾ ಎಂದಳು. ಹೇಳಿ ಸುಮ್ಮನಾಗಿದ್ದರೆ ಬೇರೆ ಮಾತು. ತನ್ನ ಕೆಲಸದ ಅರ್ಧ ಆಯುಷ್ಯವನ್ನು ಆ ಒಂದು ಕಾಲುವೆಗೇ ಸುರಿದಳು. ನದಿ ಎಂದರೆ ನೀರು, ನೀರೆಂದರೆ ಜೀವ, ಜೀವ ಎಂದರೆ ಟೀವಿಯವರು ಓಡಿ ಬರುತ್ತಾರೆ. ಲಾವಾ ಎಂದರೆ ನಾಯಿಯೂ ತಿರುಗಿ ನೋಡುವುದಿಲ್ಲ. ಈಗ ಆ ಬಯಲಿಗೆ ಒಂದು ರೋಬೋ ಗಾಡಿಯನ್ನು ಇಳಿಸುವ ಯೋಜನೆ ಎದ್ದಿತ್ತು. ಎಲ್ಲಿ ಇಳಿಸಬೇಕು, ಇಳಿಸಲೇಬೇಕೇ ಎಂದು ತೀರ್ಮಾನಿಸುವ ಮಂಡಳಿ ಲಾಂಝರೋಟೆ ಎಂಬ ದ್ವೀಪದಲ್ಲಿ ಸೇರಲಿತ್ತು. ಅದು ಆಫ್ರಿಕಾದ ಪಕ್ಕದಲ್ಲಿದ್ದರೂ ಸ್ಪೇನ್ ದೇಶಕ್ಕೆ ಸೇರಿದ ಕರಿ ಕಲ್ಲಿನ ದ್ವೀಪ. ಭೂಮಿಯ ಮೇಲೆ ಮಂಗಳನನ್ನು ಹೋಲುವ ಜಾಗವಂತೆ. ಆ ಸಮ್ಮೇಳನದಲ್ಲಿ ವಾದ ಮಂಡಿಸಲು ಗಿರಿಜೆಗೂ ಕರೆ ಬಂದಿತ್ತು. ಜೊತೆಗೆ ಒಬ್ಬರು ಬರಬಹುದು ಎಂದಿದ್ದರು. ಆ ಒಬ್ಬರು ನಾನು.

“ನೀವು ಬರಾಕೆ ಒಪ್ಪಿದ್ದು ನಂಗೆ ನಂಬಾಕೇ ಆಗ್ತಿಲ್ಲ,” ಎಂದಳು.

“ಕಲ್ಲು ನೋಡಾಕೆ ಅಲ್ಲ ಕಣೇ, ಆ ಕಲ್ಲು ನೋಡೋರು ಎಂಥೋರು ಅಂತ ನೋಡಾಕೆ,” ಎಂದೆ.

ಮ್ಯಾಡ್ರಿಡ್

ಮ್ಯಾಡ್ರಿಡ್ಡಿನಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ತಪಾಸಣೆಯ ಹೆಂಗಸೊಬ್ಬಳು ನನ್ನ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದಳು. ಅದೇನು ಎಂದು ಕೇಳುವುದು ಬಿಟ್ಟು, ಮುಚ್ಚಳ ಬಿಚ್ಚಿ ಮೂಗನ್ನೇ ಒಳಗಿಟ್ಟಳು. ನಮ್ಮ ಕಡೆ ಎತ್ತುಗಳು ಕೂಡ ಮೊದಲು ದೂರದಿಂದ ಮೂಸಿ ಆಮೇಲೆ ಬಾಯಿ ಹಾಕುತ್ತವೆ. ಅವಳು ಸೀನಿದ ರಭಸಕ್ಕೆ ಹಿಂದಿದ್ದವರ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಇನ್ನೊಬ್ಬ ಅಧಿಕಾರಿ ಬಂದ. ಅವನೂ ಮೂಸಿದ, ಅವನೂ ಸೀನಿದ. ಇಬ್ಬರೂ ಕಣ್ಣೊರೆಸಿಕೊಂಡು ನನ್ನನ್ನು ಬಹಳ ಗೌರವದಿಂದ ಮುಂದೆ ಬಿಟ್ಟರು. ಯೂರೋಪಿನಲ್ಲಿ ನಮಗೆ ಸಿಕ್ಕ ಮೊದಲ ಮರ್ಯಾದೆ ಅದು.

ಎರಡನೆಯ ಮರ್ಯಾದೆ ಗಿರಿಜೆಯ ಫೋನಿಗೆ ಬಂತು. ಸಮ್ಮೇಳನದ ಕಾರ್ಯಕ್ರಮ ಬದಲಾಗಿತ್ತು. ಮಂಡಳಿಯ ಮುಂದೆ ಅವಳು ಮಾಡಬೇಕಿದ್ದ ವಾದವನ್ನು ತೆಗೆದು, ಕೊನೆಯ ದಿನ ‘ನೆನಪುಗಳು ಮತ್ತು ಗೌರವಾರ್ಪಣೆ’ ಎಂಬುದರ ಕೆಳಗೆ ಅವಳ ಹೆಸರು ಹಾಕಿದ್ದರು. ಅವಳು ಅದನ್ನು ಎರಡು ಸಲ ಓದಿದಳು. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು.

ನನಗೆ ಅರ್ಥವಾಗುವುದಕ್ಕೆ ತಡವಾಗಲಿಲ್ಲ. ಹೊನ್ನಾಳಿಯಲ್ಲಿಯೂ ಇದೇ ಪದ್ಧತಿ. ಯಾರ ಬಾಯಿ ಮುಚ್ಚಿಸಬೇಕೋ ಅವರಿಗೆ ಶಾಲು ಹೊದಿಸುತ್ತಾರೆ. ಕೈಗೆ ಹಣ್ಣಿನ ಬುಟ್ಟಿ ಕೊಡುತ್ತಾರೆ. ಎರಡೂ ಕೈಯಲ್ಲಿ ಬುಟ್ಟಿ ಹಿಡಿದವನು ಮೈಕು ಹಿಡಿಯಲಾರ.

“ಇದು ಆ ಹ್ಯೂಗೋನ ಕೆಲಸ,” ಎಂದೆ.

“ಇರಬೋದು. ಬಿಡ್ರಿ,” ಎಂದಳು.

ಹ್ಯೂಗೋ ಎಂಬುವನು ಆ ಮಂಡಳಿಯ ಮುಖ್ಯಸ್ಥ. ಉತ್ತರ ಯೂರೋಪಿನವನು. ಚಿಕ್ಕ ವಯಸ್ಸಿನಲ್ಲಿ ನಮ್ಮ ದೇಶಕ್ಕೆ ಬಂದು ಗಿರಿಜೆಯ ಪಕ್ಕದ ಮೇಜಿನಲ್ಲಿ ಕೂತು, ಚಿತ್ರದಲ್ಲಿ ನೆರಳು ನೋಡಿ ಗುಂಡಿಯ ಆಳ ತಿಳಿಯುವುದನ್ನು ಕಲಿತವನು. ಅವಳ ಡಬ್ಬಿಯ ರೊಟ್ಟಿಯನ್ನೂ ತಿಂದವನು. ಆಮೇಲೆ ನದಿಯ ಪಕ್ಷ ಸೇರಿ ಟೀವಿಗಳಲ್ಲಿ ಕಾಣಿಸಿಕೊಂಡು ದೊಡ್ಡ ಮನುಷ್ಯನಾದ.

ದ್ವೀಪ

ಲಾಂಝರೋಟೆಯನ್ನು ಚಂದ ಎನ್ನುವವರಿದ್ದಾರೆ. ನನಗೆ ಕಂಡದ್ದು ಹೇಳುತ್ತೇನೆ. ಹಂಚಿನ ಮೇಲೆ ರೊಟ್ಟಿ ಮರೆತು ಹೊರಗೆ ಹೋದರೆ ಬಂದಾಗ ಏನು ಸಿಗುತ್ತದೋ, ಆ ಬಣ್ಣದ ಊರು. ನೆಲ ಕಪ್ಪು, ಗುಡ್ಡ ಕಪ್ಪು, ಸಮುದ್ರದಂಡೆಯ ಮರಳೂ ಕಪ್ಪು. ಅದರ ನಡುವೆ ಸುಣ್ಣ ಬಳಿದ ಬಿಳಿ ಮನೆಗಳು, ಎಲ್ಲಕ್ಕೂ ಹಸಿರು ಬಾಗಿಲು. ಮನೆ ಕಟ್ಟುವವನಿಗೆ ತನ್ನ ಬಾಗಿಲಿನ ಬಣ್ಣ ಆರಿಸುವಷ್ಟೂ ಧೈರ್ಯವಿಲ್ಲದ ಊರು. ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ನನ್ನ ಟೋಪಿ ಮೊದಲ ದಿನವೇ ಸಮುದ್ರದ ಪಾಲಾಯಿತು.

ದ್ರಾಕ್ಷಿ ಬೆಳೆಯುವ ರೀತಿ ನೋಡಿದರೆ ನಗು ಬರುತ್ತದೆ. ಕಪ್ಪು ಬೂದಿಗಲ್ಲಿನಲ್ಲಿ ಬಾಣಲೆಯಂಥ ಗುಂಡಿ ತೋಡಿ, ಗಾಳಿಗೆ ಅಡ್ಡ ಅರ್ಧಚಂದ್ರದ ಕಲ್ಲಿನ ಗೋಡೆ ಕಟ್ಟಿ, ಒಂದು ಗುಂಡಿಗೆ ಒಂದೇ ಬಳ್ಳಿ ನೆಡುತ್ತಾರೆ. ನಮ್ಮ ಸಾಸ್ವೆಹಳ್ಳಿಯ ರೈತನಿಗೆ ತೋರಿಸಿದರೆ, “ಇದೇನು ಬೆಳೇನೋ, ಬಾಣಂತನಾನೋ?” ಎಂದು ಕೇಳಿಯಾನು. ಆದರೆ ಹೋಟೆಲಿನಲ್ಲಿ ಬಟ್ಟಲಿಗೆ ಒಂದು ಹಿಟ್ಟು ಹಾಕಿಕೊಟ್ಟರು, ಗೋಫಿಯೋ ಎಂದರು. ಬಾಯಿಗಿಟ್ಟರೆ ಅಪ್ಪಟ ನಮ್ಮ ಹುರಿಟ್ಟು! ಇದನ್ನು ತಿನ್ನಲು ಇಷ್ಟು ದೂರ ಹಾರಬೇಕಿತ್ತೇ ಎನ್ನಿಸಿತು. ಎರಡು ಬಟ್ಟಲು ತಿಂದೆ.

ವಿಜ್ಞಾನಿಗಳ ಬಗ್ಗೆ ನನಗೆ ಮೊದಲೇ ಅಷ್ಟು ಭಕ್ತಿ ಇರಲಿಲ್ಲ. ಇದ್ದ ಸ್ವಲ್ಪವೂ ಹೋಟೆಲಿನ ತೋಟದಲ್ಲಿ ಹೋಯಿತು. ಇಬ್ಬರು ಗಡ್ಡದವರು ಗಗನಯಾತ್ರಿಗಳ ಬಿಳಿ ಸೂಟು ತೊಟ್ಟು, ತಲೆಗೆ ಗಾಜಿನ ಕೊಡದಂಥ ಟೋಪಿ ಹಾಕಿಕೊಂಡು, ಈಜುಕೊಳದ ಪಕ್ಕ ನಿಧಾನವಾಗಿ ಕಾಲೆತ್ತಿ ನಡೆಯುತ್ತಿದ್ದರು. ಮಂಗಳನ ಮೇಲೆ ನಡೆಯುವ ಅಭ್ಯಾಸವಂತೆ. ಒಬ್ಬ ಬಾಗಿ ಕಲ್ಲು ಎತ್ತಿದ, ಇನ್ನೊಬ್ಬ ಫೋಟೋ ತೆಗೆದ. ಆ ಕಲ್ಲು ಹೋಟೆಲಿನ ಮಾಲಿ ಹೂವಿನ ಪಾತಿಗೆ ಇಟ್ಟದ್ದು. ಮಾಲಿ ಬಂದು ಕೈಯಿಂದ ಕಸಿದುಕೊಂಡು ಹೋಗಿ ಮತ್ತೆ ಅಲ್ಲೇ ಇಟ್ಟ. ಜಾತ್ರೆಯ ಹಗಲುವೇಷದವರು ಕನಿಷ್ಠ ಪದ್ಯವನ್ನಾದರೂ ಹೇಳುತ್ತಾರೆ.

ಹ್ಯೂಗೋ ಬಂದು ಗಿರಿಜೆಯನ್ನು ತಬ್ಬಿಕೊಂಡ. ಎತ್ತರದ ಆಳು. ನಗುವಾಗ ಹಲ್ಲೆಲ್ಲ ತೋರಿಸುತ್ತಾನೆ. ಕುದುರೆಯಾಗಿದ್ದರೆ ವಯಸ್ಸು ಹೇಳಿಬಿಡುತ್ತಿದ್ದೆ.

“ನನ್ನ ಗುರು!” ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದ. “ಇವರಿಲ್ಲದಿದ್ದರೆ ನಾನಿಲ್ಲ!”

“ನನ್ನ ಮಾತಿಗೆ ಮಂಡಳಿಯಲ್ಲಿ ಸಮಯ ಇಲ್ಲವೇ, ಹ್ಯೂಗೋ?” ಎಂದು ಗಿರಿಜೆ ಕೇಳಿದಳು.

“ನಿಮ್ಮ ವಾದ ಎಲ್ಲರಿಗೂ ಬಾಯಿಪಾಠ. ಅದನ್ನು ಮತ್ತೆ ಹೇಳುವ ಆಯಾಸ ನಿಮಗೇಕೆ? ನಿಮ್ಮನ್ನು ಸಂಭ್ರಮಿಸುತ್ತೇವೆ. ಹಳೆಯ ಕಥೆಗಳನ್ನು ಹೇಳಿ!”

ನಾನು ಕನ್ನಡದಲ್ಲಿ ಒಂದು ಮಾತು ಹೇಳಿದೆ. ಅವನು ಅದನ್ನು ಆಶೀರ್ವಾದ ಎಂದುಕೊಂಡು ನನಗೂ ಕೈಮುಗಿದ.

ಒಂಟೆಗಳ ಗುಡ್ಡ

ಮರುದಿನ ಎಲ್ಲರನ್ನೂ ಬಸ್ಸಿನಲ್ಲಿ ತುಂಬಿ ಲಾವಾ ಹರಿದ ಬಯಲಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹ್ಯೂಗೋ ಮೈಕು ಹಿಡಿದು ಮಾತಾಡಿದ. ಹಿಂದಿನ ಸಾಲಿನಲ್ಲಿ ಗಿರಿಜೆ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಅವಳು ಇಂಥ ನೆಲಕ್ಕೆ ಬಂದದ್ದೇ ಇದು ಮೊದಲು. ಬೇರೆಯವರಿಗೆಲ್ಲ ಅವರ ಸಂಸ್ಥೆಗಳು ವರ್ಷವರ್ಷವೂ ಬೆಂಕಿ ಬೆಟ್ಟ ತೋರಿಸಿದ್ದವು. ಇವಳ ಸಂಸ್ಥೆ ಇವಳಿಗೆ ಕುರ್ಚಿ ಕೊಟ್ಟಿತ್ತು.

ಒಂದು ಗುಡ್ಡದ ತಪ್ಪಲಲ್ಲಿ ಬಸ್ಸು ನಿಂತಿತು. ಅಲ್ಲಿ ಪ್ರವಾಸಿಗಳನ್ನು ಹೊತ್ತು ಸಾಗುವ ಒಂಟೆಗಳಿದ್ದವು. ಡುಬ್ಬದ ಎರಡೂ ಕಡೆ ಕುರ್ಚಿ ತೂಗುಹಾಕಿರುತ್ತಾರೆ, ತಕ್ಕಡಿಯ ಹಾಗೆ. ಒಂದು ಕಡೆ ದಪ್ಪ ಹೆಂಗಸು ಕೂತರೆ ಇನ್ನೊಂದು ಕಡೆ ತೆಳ್ಳನೆಯ ಗಂಡನ ಜೊತೆ ಮರಳಿನ ಚೀಲ ಇಡುತ್ತಾರೆ. ಆ ಗಂಡನ ಮುಖ ನೋಡಬೇಕು.

ಸಾಲಿನ ಕೊನೆಯ ಒಂಟೆ ಮುಂಗಾಲು ಊರುತ್ತಿರಲಿಲ್ಲ. ನನ್ನ ಕಾಲು ತಾನಾಗಿ ಅತ್ತ ಹೋಯಿತು. ಒಂಟೆಯವನು ಐವತ್ತರ ಗಂಡಸು, ಹೆಸರು ಮಟಿಯಾಸ್. ಅವನಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ನನ್ನ ಎದೆ ಮುಟ್ಟಿಕೊಂಡು “ವೆಟರ್ನರಿ” ಎಂದೆ. “ವೆತೆರಿನಾರಿಯೋ!” ಎಂದು ಅವನ ಮುಖ ಅರಳಿತು. ಒಂಟೆಯನ್ನು ಕೂರಿಸಿದ. ಅಂಗಾಲಿನ ಮೆತ್ತೆಯ ಸಂದಿನಲ್ಲಿ ಗಾಜಿನಂಥ ಲಾವಾ ಚೂರು ಹೊಕ್ಕಿತ್ತು. ಅವನ ಚಿಮುಟ ಇಸಿದುಕೊಂಡು ಹೊರಗೆಳೆದೆ. ಒಂಟೆ ನನ್ನ ಅಂಗಿಯ ಮೇಲೆ ಹಸಿರು ಜೊಲ್ಲು ಉಗುಳಿತು. ರೋಗಿಗಳ ಕೃತಜ್ಞತೆ ನನಗೆ ಹೊಸದಲ್ಲ, ಹೊನ್ನಾಳಿಯ ಎಮ್ಮೆಗಳು ಇದಕ್ಕಿಂತ ಹೆಚ್ಚನ್ನೇ ಕೊಟ್ಟಿವೆ. ಗಾಯ ತೊಳೆದು, ಬಟ್ಟೆ ಕಟ್ಟಿ, ಇವತ್ತು ಇದಕ್ಕೆ ರಜೆ ಎಂದು ಸನ್ನೆಯಲ್ಲಿ ಹೇಳಿದೆ. ಮಟಿಯಾಸ್ ತನ್ನ ಬುತ್ತಿಯ ಆಡಿನ ಚೀಸು ಮುರಿದು ಅರ್ಧ ನನಗೆ ಕೊಟ್ಟ. ಆ ದ್ವೀಪದಲ್ಲಿ ನಾನು ಉಪಯೋಗಕ್ಕೆ ಬಂದ ಗಳಿಗೆ ಅದು. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಹಿಂದಿರುಗಿ ಬಂದಾಗ ವಿಜ್ಞಾನಿಗಳು ಗುಡ್ಡದ ಮೇಲಿನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಅಲ್ಲಿ ಭೂಮಿಯ ಬಿಸಿಯಲ್ಲೇ ಕೋಳಿ ಸುಡುತ್ತಾರೆ. ಬಾವಿಯಂಥ ರಂಧ್ರದ ಮೇಲೆ ಜಾಲರಿ, ಜಾಲರಿಯ ಮೇಲೆ ಕೋಳಿ, ಸುತ್ತ ಕೈಯಲ್ಲಿ ತಟ್ಟೆ ಹಿಡಿದ ವಿದ್ವಾಂಸರು. ಗಿರಿಜೆ ಕಾಣಲಿಲ್ಲ.

“ನನ್ನ ಹೆಂಡತಿ ಎಲ್ಲಿ?” ಎಂದು ಹ್ಯೂಗೋನನ್ನು ಕೇಳಿದೆ.

ಅವನು ಕೋಳಿಯ ಕಾಲು ಹಿಡಿದೇ ಸುತ್ತ ನೋಡಿದ. “ಬಸ್ಸಿನಲ್ಲಿರಬೇಕು.”

ಬಸ್ಸಿನಲ್ಲಿ ಡ್ರೈವರ್ ಒಬ್ಬನೇ ನಿದ್ದೆ ಹೋಗಿದ್ದ. ಮತ್ತೆ ಬಂದೆ. ಒಬ್ಬರು ಶೌಚಾಲಯದಲ್ಲಿರಬಹುದು ಎಂದರು. ಇನ್ನೊಬ್ಬರು ಬೆಳಿಗ್ಗೆಯಿಂದಲೇ ನೋಡಿಲ್ಲ ಎಂದರು. ಅವರು ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದವರು. ಕೋಟಿಗಟ್ಟಲೆ ಮೈಲಿ ಆಚೆ ಮಂಗಳನ ಮೇಲೆ ಮೇಜಿನಷ್ಟು ಗಾತ್ರದ ಕಲ್ಲು ಗುರುತಿಸುವ ಈ ಮಹಾನುಭಾವರಿಗೆ, ಕಿತ್ತಳೆ ಸ್ವೆಟರು ತೊಟ್ಟ ಒಬ್ಬ ಹೆಂಗಸು ತಮ್ಮ ನಡುವಿನಿಂದ ಎದ್ದು ಹೋದದ್ದು ಕಂಡಿರಲಿಲ್ಲ! ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಹಿರಿಯರು ಇಂಥವರನ್ನು ಕಂಡೇ ಹೇಳಿರಬೇಕು.

“ಹುಡುಕಾಕೆ ಬರ್ತೀರೋ, ಕೋಳಿ ಮುಗಿಸಿ ಬರ್ತೀರೋ?” ಎಂದು ಕನ್ನಡದಲ್ಲೇ ಗದರಿದೆ. ಅರ್ಥವಾಗದಿದ್ದರೂ ಇಬ್ಬರು ತಟ್ಟೆ ಕೆಳಗಿಟ್ಟರು. ನಾನು ಕಾಯಲಿಲ್ಲ. ಓಡುತ್ತಾ ಮಟಿಯಾಸನ ಹತ್ತಿರ ಹೋದೆ. ಹೆಂಗಸು ಎಂದು ಸನ್ನೆ ಮಾಡಿದೆ, ಅವನ ಕಿತ್ತಳೆ ಬಣ್ಣದ ಹಗ್ಗ ಮುಟ್ಟಿ ಸ್ವೆಟರಿನ ಬಣ್ಣ ಹೇಳಲು ಹೆಣಗಿದೆ. ಅವನು ಸ್ವಲ್ಪ ಯೋಚಿಸಿ, ಬೆರಳಿನಿಂದ ತನ್ನ ಹಣೆಯ ನಡುವೆ ಒತ್ತಿ ತೋರಿಸಿದ. ಕುಂಕುಮ! ತಲೆಯಾಡಿಸಿದೆ. ಅವನು ಗುಡ್ಡದ ಹಿಂದಿನ ಕರಿ ಬಯಲಿನ ಕಡೆ ಕೈ ತೋರಿಸಿದ.

ಕಪ್ಪು ಕಾಲುವೆ

ಲಾವಾದ ಮೇಲೆ ನಡೆಯುವುದು ಏನೆಂದು ನಡೆದವರಿಗೇ ಗೊತ್ತು. ಒಡೆದ ಗಡಿಗೆಗಳ ರಾಶಿಯ ಮೇಲೆ ಕಾಲಿಟ್ಟ ಹಾಗೆ. ಒಂದು ಕಲ್ಲು ಗಟ್ಟಿ, ಇನ್ನೊಂದು ಪೊಳ್ಳು. ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು, ಅಂಗೈ ಎರಡು ಕಡೆ ಸೀಳಿತು. “ಗಿರಿಜಾ” ಎಂದು ಕೂಗಿದರೆ ಗಾಳಿ ಆ ಹೆಸರನ್ನು ನನ್ನ ಬಾಯಿಂದಲೇ ಕಿತ್ತುಕೊಂಡು ಆಫ್ರಿಕಾದ ಕಡೆ ಹಾರಿಸುತ್ತಿತ್ತು. ಅವಳಿಗೆ ಮಂಡಿ ನೋವು. ನ್ಯಾಮತಿಯಲ್ಲಿ ಮಹಡಿ ಹತ್ತುವಾಗಲೂ ಗೋಡೆ ಹಿಡಿಯುವವಳು. ಎಲ್ಲೋ ಬಿದ್ದು ಕಾಲು ಮುರಿದುಕೊಂಡಿದ್ದಾಳೆ ಎಂದು ನಿಶ್ಚಯ ಮಾಡಿಕೊಂಡು ನಡೆದೆ. ಹ್ಯೂಗೋನನ್ನು, ಅವನ ಮಂಡಳಿಯನ್ನು, ಮಂಗಳ ಗ್ರಹವನ್ನು, ಅದನ್ನು ಸೃಷ್ಟಿಸಿದವನನ್ನು ಬೈಯುತ್ತಾ ನಡೆದೆ.

ನೆಲ ಇದ್ದಕ್ಕಿದ್ದಂತೆ ಸೀಳಿ ಒಂದು ಕಾಲುವೆ ಕಾಣಿಸಿತು. ಭದ್ರಾ ನಾಲೆಯಷ್ಟು ಅಗಲ, ಕರಿಗೋಡೆಗಳು, ಹಾವಿನಂಥ ತಿರುವು. ಅದರ ತಳದಲ್ಲಿ ಕಿತ್ತಳೆ ಬಣ್ಣ ಕಂಡಿತು. ಗಿರಿಜೆ ಒಂದು ಚಾಚಿದ ಬಂಡೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು.

ನಾನು ಇಳಿದೆನೋ ಜಾರಿದೆನೋ ತಿಳಿಯದು. “ಬಿದ್ಯೇನೇ? ಎಲ್ಲಿ ನೋವು?”

ಅವಳು ತಲೆ ಎತ್ತಿದಳು. ಕೆನ್ನೆಯ ಮೇಲೆ ಕಣ್ಣೀರು ಇಳಿದು ಧೂಳಿನಲ್ಲಿ ಗೆರೆ ಎಳೆದಿತ್ತು.

“ಎಲ್ಲೂ ನೋವಿಲ್ಲ. ಕುಂದರ್ರಿ ಇಲ್ಲಿ.”

“ಕುಂದರಾದಾ? ಜೀವ ಬಾಯಿಗೆ ಬಂದೈತೆ ನಂದು! ಹೇಳಿ ಬರಾಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ಹ್ಯೂಗೋ ಜೊತಿಗೆ ಬಂದು ಮಾತಾಡ್ತಿದ್ದ. ಒಂದು ಗಳಿಗೆ ಸುಮ್ನೆ ನೋಡಬೇಕಿತ್ತು ನಂಗೆ. ಈ ಕಾಲುವೆ ಲಾವಾ ಕೊರೆದದ್ದು, ಯಾರೂ ಇಲ್ಲ ಅನ್ನಂಗಿಲ್ಲ. ಮಂಗಳದಾಗೆ ನಾನು ನೋಡಿದ್ದು ಥೇಟ್ ಹಿಂಗೇ ಐತೆ. ನನ್ನ ಮಾತು ನಿಜ ಅಂತ ಕಣ್ಣಾರೆ ನೋಡಾಕೆ ಬಂದೆ.”

“ಮತ್ತೆ ಅಳಾದು ಯಾಕೆ?”

ಅವಳು ಬಂಡೆಯ ಅಡಿಗೆ ಕೈ ತೋರಿಸಿದಳು. ಅಲ್ಲಿ ಗಾಳಿ ಬಡಿಯದ ಒಂದು ಗುಳಿಯಲ್ಲಿ ಕಂದು ಮಣ್ಣು ಒಣಗಿ, ಬಿರಿದು, ಹಪ್ಪಳದ ಹಾಗೆ ಅಂಚು ಮಡಚಿಕೊಂಡಿತ್ತು. ಬೇಸಿಗೆಯಲ್ಲಿ ಜಗಳೂರಿನ ಕೆರೆಯಂಗಳದಲ್ಲಿ ಕಾಣುವಂಥದ್ದೇ.

“ಕೆಸರು,” ಎಂದೆ.

“ಹ್ಞೂಂ, ಕೆಸರು. ಒಂದ್ಸಲ ಬಂದಿದ್ದಲ್ಲ. ನೋಡ್ರಿ, ಪದರ ಪದರ ಐತೆ. ಲಾವಾ ಹರಿದು ಆರಿ ಕಲ್ಲಾದ ಮ್ಯಾಲೆ, ಯಾವಾಗಲೋ ಮಳೆ ಬಂದು, ಸಿಕ್ಕ ದಾರ್ಯಾಗೆ ನೀರು ಹರಿದೈತೆ. ಮಣ್ಣು ತಂದು ಇಂಥಾ ಸಂದ್ಯಾಗೆ ಇಟ್ಟೈತೆ. ಮತ್ತೆ ಬಂದೈತೆ, ಮತ್ತೆ ಇಟ್ಟೈತೆ.” ಅವಳು ಬೆರಳಿಂದ ಒಂದು ಅಂಚು ಮುಟ್ಟಿದಳು, ಅದು ಪುಡಿಯಾಯಿತು. “ಮಂಗಳದ ಆ ಕಾಲುವೆ ಬಾಲದ ಹತ್ರ, ತಿರುವಿನ ಸಂದ್ಯಾಗೆ, ಇಂಥಾವೇ ತೆಳು ಮಚ್ಚೆ ಅದಾವೆ. ನಾನು ಅವನ್ನ ಧೂಳು ಅಂತ ಬರೆದು ಬಿಟ್ಟೆ. ನೀರು ಇಲ್ಲವೇ ಇಲ್ಲ ಅಂತ ಹಟ ಹಿಡಿದಿದ್ದೆ ನೋಡ್ರಿ, ಕಣ್ಣಿಗೆ ಧೂಳೇ ಕಾಣಿಸ್ತು.”

“ಅಂದ್ರೆ ಆ ಹಲ್ಲುಗಿಂಜುಕ ಹೇಳಿದ್ದೇ ಸರೀನಾ?”

“ಅವನೂ ಸರಿ ಇಲ್ಲ. ಕಾಲುವೆ ಕೊರೆದದ್ದು ಲಾವಾನೇ. ಅವ್ನು ಗಾಡಿನ ನಡು ಕಾಲುವೆಗೆ ಇಳಿಸಿದ್ರೆ ಬರೀ ಕರಿಕಲ್ಲು ಸಿಗ್ತೈತೆ. ನೋಡಬೇಕಾದ್ದು ಆ ಬಾಲದ ಗುಳಿ.”

ನನಗೆ ಸಿಟ್ಟು ಇಳಿದಿರಲಿಲ್ಲ. “ನೋಡು, ನಿನ್ನ ಯಾರೂ ಕೇಳ್ತಿಲ್ಲ. ಶಾಲು ಹೊದ್ದು ಸುಮ್ಕೆ ಬಾ. ನೀನು ತಪ್ಪು ಅಂತ ನೀನೇ ಹೇಳಿದ್ರೆ ಚಪ್ಪಾಳೆ ತಟ್ಟಾಕೆ ಕಾಯ್ತಾ ಕುಂತಾರೆ ಅವ್ರು.”

“ಹೇಳದಿದ್ರೆ ಗಾಡಿ ಹೋಗಿ ಕಲ್ಲಿನ ಮ್ಯಾಲೆ ಕುಂದರ್ತೈತೆ. ಇಷ್ಟು ವರ್ಷ ಆ ನೆಲ ನೋಡಿದಾಕಿ ನಾನು.” ಅವಳು ನನ್ನ ಹೆಗಲು ಹಿಡಿದು ಎದ್ದಳು. “ನಿಮ್ಮ ಕೈ ರಕ್ತ ಸೋರಾಕತ್ತೈತೆ. ತೋರಿಸ್ರಿ.”

ಕೈಗೆ ತನ್ನ ಕರವಸ್ತ್ರ ಕಟ್ಟಿದಳು. ಒಬ್ಬರನ್ನೊಬ್ಬರು ಹಿಡಿದುಕೊಂಡು ಮೇಲೆ ಹತ್ತಿದೆವು. ಕಾಲುವೆಯ ಅಂಚಿನಲ್ಲಿ ಹ್ಯೂಗೋ ಮತ್ತು ತಟ್ಟೆ ಕೆಳಗಿಟ್ಟಿದ್ದ ಆ ಇಬ್ಬರು ಏದುಸಿರು ಬಿಡುತ್ತಾ ನಿಂತಿದ್ದರು. ಅವನ ಕೈಯಲ್ಲಿ ಇನ್ನೂ ಬಾಯೊರೆಸುವ ಕಾಗದ ಇತ್ತು.

ಸಭೆ

ಕೊನೆಯ ದಿನದ ಗೌರವಾರ್ಪಣೆಯ ಬಗ್ಗೆ ಹೇಳುವುದಾದರೆ, ಶಾಲು ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಲಾವಾ ಕಲ್ಲು ಕೊಟ್ಟರು. ಆ ದ್ವೀಪದಲ್ಲಿ ಕಲ್ಲನ್ನು ಉಡುಗೊರೆ ಕೊಡುವುದೆಂದರೆ ಹೊನ್ನಾಳಿಯಲ್ಲಿ ಹೊಳೆಯ ನೀರನ್ನು ಬಾಟಲಿಗೆ ತುಂಬಿ ಕೊಟ್ಟ ಹಾಗೆ. ಹ್ಯೂಗೋ ಹಳೆಯ ದಿನಗಳ ಬಗ್ಗೆ ಮಾತಾಡಿದ. ರೊಟ್ಟಿಯ ವಿಷಯವನ್ನೂ ಹೇಳಿದ, ಎಲ್ಲರೂ ನಕ್ಕರು. ಆಮೇಲೆ ಮೈಕನ್ನು ಗಿರಿಜೆಗೆ ಕೊಟ್ಟ.

ಅವಳು ಕಲ್ಲಿನ ಪೆಟ್ಟಿಗೆಯನ್ನು ನನ್ನ ಕಡೆ ಚಾಚಿದಳು. ನಾನು ಎದ್ದು ಹೋಗಿ ಇಸಿದುಕೊಂಡೆ. ಅವಳ ಎರಡೂ ಕೈ ಖಾಲಿಯಾದವು.

“ನನಗೆ ಹೇಳಲು ನೆನಪುಗಳಿಲ್ಲ,” ಎಂದಳು ಇಂಗ್ಲಿಷಿನಲ್ಲಿ. “ನಿನ್ನೆ ನೋಡಿದ್ದನ್ನು ಹೇಳುತ್ತೇನೆ. ಮಂಗಳನ ಆ ಕಾಲುವೆಯಲ್ಲಿ ನೀರು ಎಂದೂ ಹರಿದಿಲ್ಲ ಎಂದು ನಾನು ವಾದಿಸುತ್ತಾ ಬಂದೆ. ಆ ಮಾತು ತಪ್ಪು.”

ಸಭೆಯಲ್ಲಿ ಗುಜುಗುಜು ಎದ್ದಿತು. ಹ್ಯೂಗೋ ಜಿಗಿದು ನಿಂತು ಚಪ್ಪಾಳೆ ತಟ್ಟತೊಡಗಿದ. “ನೋಡಿ, ಎಂಥ ದೊಡ್ಡ ಮನಸ್ಸು! ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ!” ಸುತ್ತಲಿನವರೂ ಎದ್ದು ತಟ್ಟಿದರು. ಅವನು ಮೈಕಿಗೆ ಕೈ ಚಾಚಿದ.

ಗಿರಿಜೆ ಕೊಡಲಿಲ್ಲ.

“ನಾನಿನ್ನೂ ಅರ್ಧವಷ್ಟೇ ಹೇಳಿದ್ದೇನೆ. ಕೂತುಕೋ, ಹ್ಯೂಗೋ.”

ಅವಳ ಪಕ್ಕದ ಮೇಜಿನಲ್ಲಿದ್ದಾಗ ಹೀಗೇ ಹೇಳಿಸಿಕೊಂಡಿದ್ದನೋ ಏನೋ, ಆಸಾಮಿ ಥಟ್ಟನೆ ಕೂತ. ಚಪ್ಪಾಳೆ ಒಂದೊಂದಾಗಿ ನಿಂತಿತು. ಅವಳು ಗೋಡೆಯ ಪರದೆಯ ಮೇಲೆ ಮಂಗಳನ ಚಿತ್ರ ಹಾಕಿಸಿ, ಕಾಲುವೆಯ ಗೋಡೆ, ನಡು, ಬಾಲ ಎಲ್ಲವನ್ನೂ ತೋರಿಸಿ, ನನಗೆ ಬಂಡೆಯ ಕೆಳಗೆ ಹೇಳಿದ್ದನ್ನೇ ಅವರ ಭಾಷೆಯಲ್ಲಿ ಹೇಳಿದಳು. ಕೊನೆಗೆ, “ನದಿ ಎಂಬ ಆಸೆಯಿಂದ ನೀವು ಕಲ್ಲಿನ ಮೇಲೆ ಇಳಿಯುತ್ತೀರಿ. ಲಾವಾ ಎಂಬ ಹಟದಿಂದ ನಾನು ನಿಮಗೆ ಅಲ್ಲಿಗೆ ಹೋಗಬೇಡಿ ಎನ್ನುತ್ತಿದ್ದೆ. ಇಬ್ಬರೂ ಸೇರಿ ಆ ಹಿಡಿ ಕೆಸರನ್ನು ಕಳೆದುಕೊಳ್ಳುತ್ತಿದ್ದೆವು,” ಎಂದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಒಳ್ಳೆಯದಾಯಿತು. ಮುಂದಿನ ಸಾಲಿನ ವಯಸ್ಸಾದ ಹೆಂಗಸೊಬ್ಬಳು, ಮಂಡಳಿಯ ಸದಸ್ಯೆ, ಆ ಬಾಲದ ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿ ಎಂದಳು. ಇನ್ನೊಬ್ಬ ಎದ್ದು ಪರದೆಯ ಹತ್ತಿರ ಹೋದ. ಪ್ರಶ್ನೆಗಳು ಶುರುವಾದವು. ಹ್ಯೂಗೋ ಆಕ್ಷೇಪ ಎತ್ತಿದ, ಅವಳು ಉತ್ತರಿಸಿದಳು, ಅವನು ಮತ್ತೆ ಎತ್ತಿದ. ಮಾತು ಎಷ್ಟು ಬೆಳೆಯಿತೆಂದರೆ, ಗಗನಯಾತ್ರಿ ಸೂಟಿನವರ ನೃತ್ಯ ಪ್ರದರ್ಶನವೊಂದು ಉಳಿದಿತ್ತಂತೆ, ಅದನ್ನು ಕೈಬಿಟ್ಟರು. ಗಿರಿಜೆ ಲೋಕಕ್ಕೆ ಮಾಡಿದ ಉಪಕಾರಗಳಲ್ಲಿ ನಾನು ಅದನ್ನೂ ಸೇರಿಸುತ್ತೇನೆ.

ಸಂಜೆಯ ಹೊತ್ತಿಗೆ ಮಂಡಳಿ ತನ್ನ ತೀರ್ಮಾನ ಹೇಳಿತು. ನಡು ಕಾಲುವೆಯನ್ನು ಕೈಬಿಟ್ಟಿದ್ದೇವೆ, ಬಾಲದ ಗುಳಿಗಳ ಹೊಸ ನಕ್ಷೆ ಬೇಕು, ಅದನ್ನು ನೋಡಿ ಜಾಗ ಗೊತ್ತು ಮಾಡುತ್ತೇವೆ ಎಂದು. ಹ್ಯೂಗೋ ಪತ್ರಕರ್ತರ ಮುಂದೆ ನಿಂತು, “ನಮ್ಮ ತಂಡದ ಹೊಸ ಶೋಧನೆ” ಎಂದ. ಉಂಡೂ ಹೋದ, ಕೊಂಡೂ ಹೋದ. ನಾನು ಗಾಜಿನ ಪೆಟ್ಟಿಗೆಯನ್ನು ಅವನ ತಲೆಯ ಮೇಲೆ ಹಾಕಲೇ ಎಂದು ಯೋಚಿಸುತ್ತಿದ್ದಾಗ ಅವನೇ ನಮ್ಮ ಹತ್ತಿರ ಬಂದ. ಈ ಸಲ ಹಲ್ಲು ಕಾಣಿಸಲಿಲ್ಲ.

“ಆ ನಕ್ಷೆಯನ್ನು ಯಾರು ಬರೆಯುತ್ತಾರೆ?” ಎಂದು ಕೇಳಿದ. “ನನ್ನ ಹುಡುಗರಿಗೆ ಅದು ಬರುವುದಿಲ್ಲ. ಅವರು ಯಂತ್ರಕ್ಕೆ ಕೊಡುತ್ತಾರೆ. ಯಂತ್ರವೂ ಅದನ್ನು ಧೂಳು ಎನ್ನುತ್ತದೆ.”

“ನಾನು ಬರೆಯುತ್ತೇನೆ,” ಎಂದಳು ಗಿರಿಜೆ.

“ಆದರೆ ನೀವು ನಿವೃತ್ತರು.”

“ಹೌದು. ಈಗ ಸಮಯ ಇದೆ.”

ಮತ್ತೆ ಮ್ಯಾಡ್ರಿಡ್

ಮ್ಯಾಡ್ರಿಡ್ಡಿನಲ್ಲಿ ವಿಮಾನಕ್ಕೆ ಕಾಯುತ್ತಾ ಕೂತಾಗ ಅವಳು ಕಂಪ್ಯೂಟರು ಬಿಚ್ಚಿದಳು. ಅವಳ ಹಳೆಯ ನಕ್ಷೆ ತೆರೆದಿತ್ತು. ನಾನಾ ಬಣ್ಣದ ತೇಪೆಗಳ ಕೌದಿಯ ಹಾಗೆ ಕಂಡಿತು. ಒಂದೊಂದು ತೇಪೆಯನ್ನೂ ಮುಟ್ಟಿ ಅಳಿಸತೊಡಗಿದಳು. ವರ್ಷಗಟ್ಟಲೆ ಕೂತು ಹೊಲಿದದ್ದು, ಬೆರಳು ಒತ್ತಿದರೆ ಮಾಯ.

“ಹೊಟ್ಟೆ ಉರಿಯಲ್ವೇನೇ?” ಎಂದೆ.

“ಉರೀತೈತೆ,” ಎಂದಳು. ಅಳಿಸುವುದನ್ನು ನಿಲ್ಲಿಸಲಿಲ್ಲ.

ಸುತ್ತ ಜನ ಸುಗಂಧದ ಅಂಗಡಿಗೂ ಮದ್ಯದ ಅಂಗಡಿಗೂ ಓಡಾಡುತ್ತಿದ್ದರು. ಒಬ್ಬ ಮುದುಕ ಬೆಕ್ಕನ್ನು ಮಗುವಿನ ಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದ್ದ. ಬೆಕ್ಕಿಗೆ ಮೂತ್ರದ ತೊಂದರೆ ಇತ್ತೆಂದು ಕೂತ ಭಂಗಿಯಿಂದಲೇ ಹೇಳಬಹುದಿತ್ತು. ಹೇಳೋಣವೇ ಎಂದು ನೋಡುತ್ತಿದ್ದಾಗ ಗಿರಿಜೆ ಕಂಪ್ಯೂಟರನ್ನು ನನ್ನ ತೊಡೆಯ ಮೇಲೆ ಸರಿಸಿದಳು.

“ನನ್ನ ಕಣ್ಣಿಗೆ ಅಭ್ಯಾಸ ಆಗಿಬಿಟ್ಟೈತೆ, ನಂಬಂಗಿಲ್ಲ. ನೀವು ನೋಡ್ರಿ. ಈ ಸಂದ್ಯಾಗೆ ಏನಾದ್ರೂ ಕಾಣ್ತೈತಾ?”

ನಾನು ಕನ್ನಡಕ ಹಾಕಿಕೊಂಡೆ. ಬೂದು ಬಣ್ಣ. ಸುಟ್ಟ ಹಂಚಿನ ಹಿಂಬದಿಯ ಹಾಗಿತ್ತು.

“ಏನೂ ಇಲ್ಲ. ಹಂಚು.”

“ಇನ್ನೊಂದ್ಸಲ ನೋಡ್ರಿ. ಬಿಸಿಲು ಎಡದಿಂದ ಬಿದ್ದೈತೆ ಅಂತ ತಿಳ್ಕೊಂಡು ನೋಡ್ರಿ.”

ನೋಡಿದೆ. ಎಡದಿಂದ ಬಿಸಿಲು ಎಂದುಕೊಂಡ ಕೂಡಲೇ ಆ ಹಂಚು ಉಬ್ಬಿತು, ತಗ್ಗಿತು. ಗೋಡೆ ಎದ್ದಿತು. ಗೋಡೆಗೆ ಅಂಚು ಬಂತು. ಅಂಚಿನ ಕೆಳಗೆ ಗುಳಿ, ಗುಳಿಯಲ್ಲಿ ಸುತ್ತಲಿಗಿಂತ ಕೂದಲೆಳೆಯಷ್ಟು ಬಿಳುಪಾದ ಒಂದು ಮಚ್ಚೆ. ಯಾರ ಕಾಲೂ ತುಳಿಯದ ನೆಲ.

“ಇಲ್ಲೊಂದು ಐತೆ,” ಎಂದೆ. “ಅದರ ಪಕ್ಕ, ನೋಡು, ಇನ್ನೊಂದು.”

ಅವಳು ನನ್ನ ಭುಜದ ಮೇಲೆ ಬಾಗಿದಳು. ಮೇಲೆ ಧ್ವನಿವರ್ಧಕದಲ್ಲಿ ಯಾವಳೋ ಎರಡು ಹೆಸರು ಕೂಗಿದಳು. ಮೂರನೆಯ ಸಲ ಕೂಗಿದಾಗ ಗಿರಿಜೆ ತಲೆ ಎತ್ತಿದಳು.

“ಅಯ್ಯೋ, ನಮ್ಮ ಹೆಸರೇ ರೀ ಅದು! ವಿಮಾನ ಹೊಂಟೈತೆ. ಏಳ್ರಿ, ಏಳ್ರಿ.”

“ತಡಿಯೇ,” ಎಂದೆ. “ಈ ಅಂಚೊಂದು ನೋಡಿಬಿಡಾಣ.”